ಪ್ರೋಬಯಾಟಿಕ್ ಮೊಸರು: ರುಚಿ ಓಕೆ, ಲೇಬಲ್ ನೋಡಿದ್ರೆ ಸಿಟ್ಟು ಬರುತ್ತೆ

ಹೋದ ತಿಂಗಳು ಹಲ್ಲು ಕೀಳಿಸ್ಕೊಂಡು ಐದು ದಿನ ಆಂಟಿಬಯೋಟಿಕ್ ನುಂಗಿ ಹೊಟ್ಟೆ ಪೂರ್ತಿ ಕೆಟ್ಟು ಕೂತಿತ್ತು, ಡಾಕ್ಟ್ರು ಮೊಸರು ತಿನ್ನಿ ಅಂದ್ರು, ಮನೇಲಿ ನೋಡಿದ್ರೆ ಹೆಪ್ಪು ಖಾಲಿ. ಸರಿ ಅಂತ ಅಂಗಡಿಯಿಂದ 'ಪ್ರೋಬಯಾಟಿಕ್' (ಅಂದ್ರೆ ಹೊಟ್ಟೆಗೆ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾ ಇರೋದು) ಅಂತ ದಪ್ಪಕ್ಷರದಲ್ಲಿ ಬರ್ದಿರೋ 400 ಗ್ರಾಂ ಡಬ್ಬಿ ತಂದೆ. ಬ್ರ್ಯಾಂಡ್ ಹೆಸರು ಹೇಳಲ್ಲ. 85 ರೂಪಾಯಿ.

ರುಚಿ ಚೆನ್ನಾಗೇ ಇದೆ. ಚಮಚ ನೆಟ್ಟರೆ ನಿಲ್ಲುತ್ತೆ, ಹುಳಿ ಕಮ್ಮಿ, ಎರಡನೇ ದಿನಕ್ಕೂ ನೀರು ಬಿಟ್ಟಿರ್ಲಿಲ್ಲ. ಮೊಸರನ್ನಕ್ಕೆ ಸೂಪರ್, ಮಜ್ಜಿಗೆಗೆ ಬೇಡ.

ಲೇಬಲ್ಲಲ್ಲಿ ಮಾತ್ರ 'ಲೈವ್ ಕಲ್ಚರ್' ಅಂತ ಅಷ್ಟೇ. ಯಾವ ಬ್ಯಾಕ್ಟೀರಿಯಾ, ಯಾವ ಸ್ಟ್ರೈನ್ (ಅಂದ್ರೆ ಆ ಜಾತಿಯೊಳಗಿನ ಯಾವ ತಳಿ), ಎಷ್ಟಿದೆ, ಏನೂ ಇಲ್ಲ. ಇದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೋತೀಯ ಅಂತೀರಾ, ನಾನು ಬಿಎಸ್ಸಿ ಮೈಕ್ರೋಬಯಾಲಜಿ. ಲ್ಯಾಬಲ್ಲಿ ಇಡ್ಲಿ ಹಿಟ್ಟಿಂದ ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಬೆಳೆಸಿ ಪ್ಲೇಟ್ ಮೇಲೆ ಆಂಟಿಬಯೋಟಿಕ್ ಬಿಲ್ಲೆಗಳನ್ನ ಇಟ್ಟಿದ್ವಿ, ಬೇರೆ ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಬೆಳೀದೆ ಬಳೆ ಥರ ಖಾಲಿ ಜಾಗ, ವ್ಯಾಂಕೊಮೈಸಿನ್ ಅನ್ನೋ ಆಂಟಿಬಯೋಟಿಕ್ ಬಿಲ್ಲೆಗೆ ಮಾತ್ರ ಒತ್ಕೊಂಡೇ ಬೆಳೆದು ಕೂತಿತ್ತು! ನಾವು ಗಾಬರಿ, ಸರ್ ನಗ್ತಾ ಇದ್ರು. ಆ ಔಷಧಿ ಹಿಡ್ಕೊಳ್ಳೋ ಕೊಂಡಿನೇ ಇದರ ಗೋಡೇಲಿ ಬೇರೆ ಥರ ಇದೆ, ಅದು ಹುಟ್ಟುಗುಣ, ಪಕ್ಕದ ಬ್ಯಾಕ್ಟೀರಿಯಾಗೆ ದಾಟಿಸೋಕೆ ಬರಲ್ಲ ಅಂದ್ರು. ಭಯ ಇರೋದು ಪ್ಲಾಸ್ಮಿಡ್ (ಬ್ಯಾಕ್ಟೀರಿಯಾ ಒಳಗಿರೋ ಬಿಡಿ ಡಿಎನ್‌ಎ ಉಂಗುರ) ಮೇಲೆ ಕೂತಿರೋ, ಔಷಧಿಗೆ ಬಗ್ಗದ ಜೀನ್‌ಗಳದ್ದು, ಅವು ಕೈಯಿಂದ ಕೈಗೆ ಸಾಲದ ಥರ ಓಡಾಡ್ತವೆ, ಹೊಟ್ಟೆ ಒಳಗಿರೋ ರೋಗಾಣುಗೂ ಸಿಕ್ಕಬಹುದು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವ್ರೇ 2012ರಲ್ಲಿ ನಮ್ಮ ದೇಶದ ಹುದುಗಿಸಿದ ತಿಂಡಿಗಳ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಎರಿತ್ರೊಮೈಸಿನ್, ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಜೀನ್ ಇರೋದನ್ನ ಪ್ರಕಟಿಸಿದ್ರು. ಇಡ್ಲಿ ಆದ್ರೆ ಹಬೇಲಿ ಬೆಂದು ಬ್ಯಾಕ್ಟೀರಿಯಾ ಸಾಯುತ್ತೆ, ಮೊಸರನ್ನ ಜೀವಂತವಾಗೇ ತಿಂತೀವಿ. ಅದಕ್ಕೇ ಸ್ಟ್ರೈನ್ ಹೆಸರು ಬೇಕು ಅನ್ನೋದು, ಒಂದೇ ಜಾತೀಲಿ ಒಂದು ಸ್ಟ್ರೈನ್ ಸಾಧು, ಇನ್ನೊಂದು ಜೀನ್ ಹೊತ್ಕೊಂಡಿರುತ್ತೆ. ಕೇಂದ್ರ ಸರ್ಕಾರದ ಸಂಸ್ಥೆಗಳಾದ ಐಸಿಎಂಆರ್-ಡಿಬಿಟಿಯ 2011ರ ಗೈಡ್‌ಲೈನ್‌ನಲ್ಲೇ ಪ್ರೋಬಯಾಟಿಕ್ ಅಂದ್ರೆ ಆಂಟಿಬಯೋಟಿಕ್‌ಗೆ ಬಗ್ಗುತ್ತಾ ಅನ್ನೋ ಟೆಸ್ಟ್ ಮಾಡಿಸ್ಬೇಕು, ಸ್ಟ್ರೈನ್ ಬರೀಬೇಕು ಅಂತಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸ್ಟ್ರೈನ್ ಯಾವ್ದು, ಆ ಟೆಸ್ಟ್ ಮಾಡ್ಸಿದೀರಾ ಅಂತ ಕೇಳ್ದೆ. "ಮೇಡಂ ನಮ್ದು ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್, ಆಂಟಿಬಯೋಟಿಕ್ ಹಾಕಲ್ಲ." ಅಯ್ಯೋ ನಾನು ಕೇಳಿದ್ದು ಅದಲ್ಲ ಕಣಪ್ಪ. (ಹಾಲಲ್ಲಿ ಆಂಟಿಬಯೋಟಿಕ್ ಜಾಸ್ತಿ ಇದ್ರೆ ಮೊಸರೇ ಆಗಲ್ಲ, ನಮ್ಮಜ್ಜಿ ಹಸುಗೆ ಕೆಚ್ಚಲುಬಾವು ಬಂದು ಇಂಜೆಕ್ಷನ್ ಕೊಡ್ಸಿದ್ರೆ ಆ ಹಾಲಿಗೆ ಹೆಪ್ಪು ಹಾಕ್ತಾನೇ ಇರ್ಲಿಲ್ಲ.) ಮೇಲ್ ಮಾಡಿ ಅಂದ್ರು, ಮಾಡಿ ಮೂರು ವಾರ ಆಯ್ತು, ಉತ್ತರ ಇಲ್ಲ.

ಯಾಕುಲ್ಟ್ ಅನ್ನೋ ಪ್ರೋಬಯಾಟಿಕ್ ಹಾಲಿನ ಡ್ರಿಂಕ್ ನನಗೆ ಇಷ್ಟ ಇಲ್ಲ, ಪಾನಕದ ಥರ ಸಿಹಿ, ಆದ್ರೆ ಆ 65 ಎಂಎಲ್ ಪುಟಾಣಿ ಬಾಟ್ಲಿ ಮೇಲೆ ಶಿರೋಟಾ ಅಂತ ಸ್ಟ್ರೈನ್ ಹೆಸರಿದೆ, 650 ಕೋಟಿ ಬ್ಯಾಕ್ಟೀರಿಯಾ ಅಂತ ಲೆಕ್ಕನೂ ಇದೆ. ಅಷ್ಟು ಜಾಗದಲ್ಲಿ ಅವ್ರಿಗಾದ್ರೆ 400 ಗ್ರಾಂ ಡಬ್ಬಿ ಮೇಲೆ ಇವ್ರಿಗ್ಯಾಕಾಗಲ್ಲ?

ರುಚಿಗೆ 4, ಲೇಬಲ್‌ಗೆ 1. ಎದುರುಮನೆ ಆಂಟಿ ಹತ್ರ ಹೆಪ್ಪು ಇಸ್ಕೊಂಡು ಬಂದಿದೀನಿ. ಅದ್ಯಾವ ಸ್ಟ್ರೈನೋ ದೇವರಿಗೇ ಗೊತ್ತು, ಆದ್ರೆ ಪ್ರೋಬಯಾಟಿಕ್ ಅಂತ ಹೇಳಿ ಆಂಟಿ 85 ರೂಪಾಯಿ ಕೇಳ್ಲಿಲ್ಲ.