90 ಲೀಟರ್ ವಿಂಡ್‌ಸರ್ಫ್ ಬೋರ್ಡು, ಆಷಾಢದ ಗಾಳಿ, ಕನ್ನಂಬಾಡಿ ಹಿನ್ನೀರು: ಸುಮಾರ್ ವರ್ಷ ಓಡಿಸಿದ್ ಮೇಲಿನ ರಿವ್ಯೂ

ವಿಂಡ್‌ಸರ್ಫಿಂಗ್ ಅಂದ್ರೆ ಸೈಲ್ (ಹಾಯಿ) ಕಟ್ಟಿರೋ ಬೋರ್ಡ್ ಮೇಲೆ ನಿಂತು ಗಾಳಿ ಬಲದಲ್ಲಿ ನೀರಿನ್ ಮೇಲೆ ಓಡೋದು. ಮೊದ್ಲೇ ಹೇಳ್ಬಿಡ್ತೀನಿ, ಬೋರ್ಡ್ ಚೆನ್ನಾಗಿದೆ, ನಾಲ್ಕು ಸ್ಟಾರ್ ಕೊಡ್ತೀನಿ, ಆದ್ರೆ ಅದ್ರ ಜೊತೆ ಬರೋ ಫಿನ್ (ಬೋರ್ಡಿನ ತಳದಲ್ಲಿ ಹಿಂದೆ ಇರೋ ರೆಕ್ಕೆ) ಹಾಕ್ಕೊಂಡೇ ಜೋರು ಗಾಳೀಲಿ ಸ್ಪೀಡ್ ನೋಡ್ತೀನಿ ಅಂದ್ರೆ ಆಗೋ ಮಾತಲ್ಲ. ಐದನೇ ಸ್ಟಾರ್ ಹೋಗಿದ್ದು ಅಲ್ಲೇ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ ಯಾಕಂದ್ರೆ ಈ ಸೈಜಿನ ಫ್ರೀರೇಸ್ (ಸ್ಪೀಡಿಗೆ ಒತ್ತು ಕೊಟ್ಟು ಮಾಡಿರೋ) ಬೋರ್ಡ್ ಯಾರದ್ದೇ ತಗೊಳ್ಳಿ ಆಕಾರ ಹೆಚ್ಚು ಕಮ್ಮಿ ಒಂದೇ, ಪ್ರಪಂಚದ ಅರ್ಧಕ್ಕರ್ಧ ಬ್ರ್ಯಾಂಡಿನ ಬೋರ್ಡು ತಯಾರಾಗೋದೂ ಥಾಯ್ಲೆಂಡಿನ ಕೋಬ್ರಾ ಅನ್ನೋ ಒಂದೇ ಫ್ಯಾಕ್ಟರೀಲಿ, ಮೇಲಿನ ಬಣ್ಣ ಸ್ಟಿಕ್ಕರ್ ಬೇರೆ ಅಷ್ಟೇ. ನನ್ನದ್ರಲ್ಲಿ ಸ್ಟಿಕ್ಕರೂ ಅರ್ಧ ಕಿತ್ತೋಗಿದೆ.

ಲೆಕ್ಕ ಹೇಳ್ತೀನಿ. ಬೋರ್ಡಿನ ಗಾತ್ರ 90 ಲೀಟರ್, ಅಗಲ 60 ಸೆಂ.ಮೀ., ಜೊತೆಗೆ ಬಂದಿದ್ದು 34 ಸೆಂ.ಮೀ. ಫಿನ್. ನನ್ನ ತೂಕ 60 ಕೆಜಿ. ಸೈಲ್ ಎರಡಿದೆ, 5.2 ಮತ್ತೆ 4.5 ಚದರ ಮೀಟರ್, ಎರಡಕ್ಕೂ ಒಂದೇ 400 ಸೆಂ.ಮೀ. ಉದ್ದದ ಸಣ್ಣ ವ್ಯಾಸದ ಮಾಸ್ಟ್ (ಸೈಲಿನ ಕಂಬ) ಸಾಕಾಗತ್ತೆ, ಅದೊಂದು ದುಡ್ಡು ಉಳೀತು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೊಸದು ಹೊರಗಡೆಯಿಂದ ತರಿಸ್ತೀನಿ ಅಂದ್ರೆ ಸಾಗಾಣಿಕೆ, ಕಸ್ಟಮ್ಸ್ ಎಲ್ಲಾ ಸೇರಿ ಬೋರ್ಡ್ ಒಂದಕ್ಕೇ ಲಕ್ಷ ದಾಟತ್ತೆ, ಆಮೇಲೆ ಸೈಲು, ಮಾಸ್ಟು, ಬೂಮು (ಕೈಲಿ ಹಿಡಿಯೋ ಅಡ್ಡ ಕೋಲು) ಬೇರೆ.

ಮೈಸೂರಲ್ಲಿ ಇದ್ಕೊಂಡು ವಿಂಡ್‌ಸರ್ಫಿಂಗಾ ಅಂತ ಎಲ್ರೂ ನಗ್ತಾರೆ, ನಗ್ಲಿ ಬಿಡಿ. ಆಷಾಢದ ಗಾಳಿ ಅಂತ ನಮ್ಮಜ್ಜಿ ಕಾಲದಿಂದ ಬೈತಾನೇ ಬಂದಿದೀವಲ್ಲ, ಒಣಗಾಕಿದ್ ಬಟ್ಟೆ ಪಕ್ಕದ್ ಬೀದೀಲಿ ಸಿಗತ್ತೆ ಅಂತ, ಆ ಗಾಳೀನೇ ಇದಕ್ಕೆ ಬೇಕಾಗಿರೋದು. ಜೂನ್ ಮಧ್ಯದಿಂದ ಆಗಸ್ಟ್‌ವರೆಗೂ ಪಶ್ಚಿಮದಿಂದ ಮುಂಗಾರು ಗಾಳಿ ಒಂದೇ ದಿಕ್ಕಲ್ಲಿ ಬೀಸ್ತಾ ಇರತ್ತೆ, ಮಧ್ಯಾಹ್ನದ ಹೊತ್ತಿಗೆ 14-15 ನಾಟ್, ಜೋರು ಬಂದಾಗ 22-25 ನಾಟ್ ಅಂದ್ರೆ ಗಂಟೆಗೆ 40-46 ಕಿ.ಮೀ. ಸಮುದ್ರದ ಗಾಳಿ ಥರ ಒಂದೇ ಸಮ ಇರಲ್ಲ. ಬಂತು ಅಂದ್ರೆ ಒದ್ಕೊಂಡ್ ಬರತ್ತೆ, ಅರ್ಧ ನಿಮಿಷ ಬಿಟ್ಟು ಏನೂ ಇರಲ್ಲ, ಮತ್ತೆ ಒದೆ. ಈ ರಿವ್ಯೂ ಓದೋವಾಗ ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಹೊರದೇಶದವ್ರು ಬರ್ದಿರೋ ರಿವ್ಯೂ ಎಲ್ಲಾ ಸಮ ಗಾಳೀಲಿ ಓಡಿಸಿ ಬರ್ದಿರೋದು.

ನೀರೂ ಹಂಗೇ. ಹಿನ್ನೀರಲ್ಲಿ ಗಾಳಿ ಹಿಡಿದಾಗ ದೊಡ್ಡ ಅಲೆ ಬರಲ್ಲ, ಗಾಳಿ ಓಡೋಕೆ ಸಮುದ್ರದಷ್ಟು ಉದ್ದ ನೀರು ಸಿಗಲ್ವಲ್ಲ, ಅದಕ್ಕೆ ಅಲೆ ಗಿಡ್ಡ, ಕಡಿದು, ಒಂದಕ್ಕೊಂದು ಅಂಟ್ಕೊಂಡು ಬರತ್ತೆ, ಇದಕ್ಕೆ ಚಾಪ್ ಅಂತಾರೆ. ಉತ್ತಿರೋ ಹೊಲದ್ ಮೇಲೆ ಅಡ್ಡಡ್ಡ ಬೈಕ್ ಓಡಿಸಿ, ಅದೇ ಅನುಭವ. ಪಶ್ಚಿಮದ ತುದಿ ಸಾಗರಕಟ್ಟೆ ಕಡೆ ಸ್ವಲ್ಪ ಸಪಾಟಾಗಿರತ್ತೆ, ಪೂರ್ವಕ್ಕೆ ಬರ್ತಾ ಬರ್ತಾ ಗಾಳಿ ಓಡಿರೋ ದೂರ ಜಾಸ್ತಿ ಆಗಿ ಚಾಪ್ ಏರ್ತಾ ಹೋಗತ್ತೆ. ಡ್ಯಾಂ ಹತ್ರ ಹೋಗೋ ಯೋಚ್ನೆನೇ ಬೇಡ, ಅದು ನಿಷೇಧಿತ ಜಾಗ, ಬೇರೆ ದಡದಲ್ಲೂ ಮೊದ್ಲು ಕೇಳಿ ಒಪ್ಪಿಗೆ ತಗೊಂಡೇ ನೀರಿಗೆ ಇಳೀಬೇಕು.

ಈಗ ಫಿನ್ ವಿಷಯ. ಬೋರ್ಡ್ ಮೇಲೆದ್ದು ನೀರಿನ್ ಮೇಲೆ ಜಾರಕ್ಕೆ ಶುರು ಮಾಡಿದ್ ಮೇಲೆ ಪಕ್ಕಕ್ಕೆ ಜಾರದಂಗೆ ತಡೆದು ಒಂದಿಷ್ಟು ಭಾರಾನೂ ಹೊರೋದು ಫಿನ್ನೇ. ಅದು ಕೊಡೋ ಎತ್ತೋ ಬಲ (ಲಿಫ್ಟ್) ಸ್ಪೀಡಿನ ವರ್ಗಕ್ಕೆ ತಕ್ಕಂಗೆ ಏರತ್ತೆ, ಅಂದ್ರೆ ಸ್ಪೀಡ್ ಎರಡರಷ್ಟಾದ್ರೆ ಬಲ ನಾಲ್ಕರಷ್ಟು. ಕಂಪನಿಯವ್ರು 34 ಕೊಡೋದು 6 ಚದರ ಮೀಟರ್ ಮೇಲಿನ ಸೈಲು, ಹದವಾದ ಗಾಳಿ ಮನಸ್ಸಲ್ಲಿ ಇಟ್ಕೊಂಡು, ಅಲ್ಲಿ ಅದು ಸರೀನೇ, ಬೇಗ ಏಳತ್ತೆ, ಗಾಳಿಗೆ ಎದುರು ಚೆನ್ನಾಗಿ ಹತ್ತತ್ತೆ. ಅದೇ 34ನ್ನ 22 ನಾಟ್‌ನಲ್ಲಿ 4.5 ಸೈಲ್ ಕೆಳಗೆ ಹಾಕಿದ್ರೆ ಬೋರ್ಡಿನ ಬಾಲಾನೇ ಮೇಲೆ ಎತ್ತಕ್ಕೆ ಶುರು ಮಾಡತ್ತೆ, ಗಾಳಿ ಕಡೆ ಅಂಚು ಏಳತ್ತೆ, ಅಷ್ಟರಲ್ಲಿ ಒಂದು ಚಾಪ್ ಕೆಳಗಿಂದ ಒದೀತು ಅಂದ್ರೆ ತಳಕ್ಕೆ ಗಾಳಿ ನುಗ್ಗಿ ಮೂತಿ ಆಕಾಶ ನೋಡತ್ತೆ, ಕಾಲಲ್ಲಿ ಎಷ್ಟೇ ಒತ್ತಿದ್ರೂ ಬಗ್ಗಲ್ಲ. ಆವಾಗ ಮನುಷ್ಯರು ಏನ್ ಮಾಡ್ತಾರೆ, ಹೆದ್ರಿ ಸೈಲನ್ನ ಸಡಿಲ ಬಿಡ್ತಾರೆ. ಸ್ಪೀಡ್ ಹೋಯ್ತು.

28 ಸೆಂ.ಮೀ. ಫಿನ್ ತರಿಸಿ ಹಾಕಿದ್ ಮೇಲೆ ಇದೇ ಬೋರ್ಡಾ ಅನ್ಸಿತು. ಜಿಪಿಎಸ್ ವಾಚ್ ಪ್ರಕಾರ ಚಾಪ್‌ನಲ್ಲಿ 34ರ ಜೊತೆ 20-21 ನಾಟ್‌ಗೆ ನಿಂತುಬಿಡ್ತಿತ್ತು, 28ರ ಜೊತೆ 24-25 ಸಲೀಸಾಗಿ. ಬೆಸ್ಟ್ ಅಂದ್ರೆ 27 ಚಿಲ್ಲರೆ, ಗಂಟೆಗೆ 50 ಕಿ.ಮೀ., ಅದು ದಡದ ಮರೆಯಲ್ಲಿ ನೀರು ಸಪಾಟಾಗಿದ್ದ ಕಡೆ. (ವಾಚ್ ತೋರ್ಸೋ ಟಾಪ್ ಸ್ಪೀಡ್ ನಂಬ್ಬೇಡಿ, ಬಿದ್ದಾಗ ಕೈ ಬೀಸಿದ್ದನ್ನೂ ಲೆಕ್ಕ ಹಾಕತ್ತೆ, 10 ಸೆಕೆಂಡಿನ ಸರಾಸರಿ ನೋಡಿ.) ಇದೇನ್ ಮಹಾ ಸ್ಪೀಡ್ ಅಲ್ಲ, ಆಂಟೊಯ್ನ್ ಆಲ್ಬೊ ಅನ್ನೋ ಫ್ರಾನ್ಸಿನವ್ನು 2015ರಲ್ಲಿ ನಮೀಬಿಯಾದ ಲ್ಯೂಡೆರಿಟ್ಜ್‌ನಲ್ಲಿ 53 ನಾಟ್ ದಾಟಿದಾನೆ, ನೂರು ಕಿ.ಮೀ. ಹತ್ರ ಹತ್ರ. ಆದ್ರೆ ಅದು ಮರಳುಗಾಡಲ್ಲಿ ಸ್ಪೀಡಿಗೇ ಅಂತ ತೋಡಿರೋ ಕಾಲುವೆ, ಗಾಳಿ ಕಿತ್ಕೊಂಡ್ ಹೋಗ್ತಿದ್ರೂ ನೀರಲ್ಲಿ ಅಲೆ ಏಳೋಕೆ ಜಾಗಾನೇ ಇರಲ್ಲ. ಚಾಪ್‌ನಲ್ಲಿ ಸ್ಪೀಡ್ ಅನ್ನೋದು ಬೇರೆ ಆಟ, ಅಲ್ಲಿ ಬಲಕ್ಕಿಂತ ಹಿಡಿತ ಮುಖ್ಯ.

ಸಣ್ಣ ಫಿನ್ನಿಂದ ನಷ್ಟಾನೂ ಇದೆ, ಮುಚ್ಚಿಡಲ್ಲ. ಮೇಲೇಳಕ್ಕೆ ಎರಡು ಮೂರು ನಾಟ್ ಜಾಸ್ತಿ ಗಾಳಿ ಬೇಕು, ಗಾಳಿ ಸತ್ತಾಗ ಎದುರು ಹತ್ತೋದು ಕಷ್ಟ, ಹಿಂದಿನ ಕಾಲಲ್ಲಿ ಜೋರಾಗಿ ತಳ್ಳಿದ್ರೆ ಫಿನ್ನಿನ ಪಕ್ಕಕ್ಕೆ ಗಾಳಿ ಇಳ್ದು ಬೋರ್ಡಿನ ಬಾಲ ಸರ್‍ರ್ ಅಂತ ಪಕ್ಕಕ್ಕೆ ಜಾರತ್ತೆ, ಇದಕ್ಕೆ ಸ್ಪಿನ್ ಔಟ್ ಅಂತಾರೆ. ಚಾಪ್ ಮೇಲೆ ಹಾರಿ ಕೆಳಗೆ ಬೀಳೋವಾಗ ಇದು ಗ್ಯಾರಂಟಿ. ಹಾರ್ಬಾರ್ದು, ಮಂಡಿ ಮೆತ್ತಗೆ ಇಟ್ಕೊಂಡು ಬೋರ್ಡನ್ನ ಬಂದು ಹೋಗಕ್ಕೆ ಬಿಡ್ಬೇಕು, ತಲೆ ಒಂದೇ ಎತ್ತರದಲ್ಲಿ ಹೋಗ್ತಿರ್ಬೇಕು.

ಸೆಟ್ಟಿಂಗ್ ನಾನು ಇಟ್ಟಿರೋದು ಹೇಳ್ತೀನಿ, ಬೇಕಾದೋರು ಟ್ರೈ ಮಾಡಿ. ಗಾಳಿ 20 ದಾಟಿದ್ರೆ ಮಾಸ್ಟ್ ಬುಡ ಅದು ಕೂರೋ ಟ್ರ್ಯಾಕಿನ (ಬೋರ್ಡ್ ಮೇಲಿರೋ ಸಂದಿನ) ಮಧ್ಯದಿಂದ ಒಂದೆರಡು ಸೆಂ.ಮೀ. ಮುಂದೆ, ಮೂತಿ ಕೆಳಗೆ ಕೂರತ್ತೆ. ಬೂಮ್ ಎರಡು ಬೆರಳು ಕೆಳಗೆ. ಡೌನ್‌ಹಾಲಲ್ಲಿ (ಸೈಲನ್ನ ಮಾಸ್ಟ್ ಬುಡದ ಕಡೆಗೆ ಎಳೆದು ಬಿಗಿ ಮಾಡೋ ಹಗ್ಗ) ಮಾತ್ರ ಜಿಪುಣತನ ಮಾಡ್ಬೇಡಿ, ಸೈಲಿನ ಮೇಲ್ತುದಿ ಹಿಂದಿನ ಅಂಚು ಲೊಡ ಲೊಡ ಅನ್ನೋವರ್ಗೂ ಎಳೀರಿ, ಗಾಳಿ ಒದ್ದಾಗ ಆ ತುದಿ ತಿರುಚ್ಕೊಂಡು ಹೆಚ್ಚಿನ ಗಾಳೀನ ಹೊರಗೆ ಬಿಡತ್ತೆ. ಬರೀ ಕೈಯಲ್ಲಿ ಆಗಲ್ಲ, ಸ್ಕ್ರೂಡ್ರೈವರ್‌ಗೆ ಹಗ್ಗ ಸುತ್ತಿ ಮಾಸ್ಟ್ ಬುಡಕ್ಕೆ ಕಾಲು ಕೊಟ್ಟು ಹಿಂದಕ್ಕೆ ವಾಲ್ಬೇಕು. ಹಾರ್ನೆಸ್ (ಮೈಗೆ ಕಟ್ಕೊಂಡು ಬೂಮಿಗೆ ಕೊಕ್ಕೆ ಹಾಕೋ ಪಟ್ಟಿ) ಸೊಂಟದ್ದಲ್ಲ, ಕೂರೋ ಥರದ್ದು ಹಾಕಿ, ಕೊಕ್ಕೆ ಕೆಳಗಿದ್ದಷ್ಟೂ ಭಾರ ಮಾಸ್ಟ್ ಬುಡಕ್ಕೆ ಹೋಗತ್ತೆ. ಎಲ್ಲಕ್ಕಿಂತ ಕಷ್ಟದ್ದು ಏನು ಅಂದ್ರೆ ಗಾಳಿ ಒದ್ದಾಗ ಸೈಲ್ ಬಿಡದೇ ಇರೋದು, ಸೈಲ್ ಬಿಟ್ರೆ ಬುಡದ ಮೇಲಿನ ಒತ್ತಡ ಹೋಗಿ ಬೋರ್ಡ್ ಇನ್ನೂ ಕುಣಿಯತ್ತೆ, ಬದಲಿಗೆ ಸೈಲನ್ನ ಮೈ ಕಡೆ ಎಳ್ದು ಹಿಡ್ಕೊಂಡು ಮೂತೀನ ಸ್ವಲ್ಪ ಗಾಳಿ ಹೋಗೋ ದಿಕ್ಕಿಗೆ ತಿರುಗಿಸ್ಬೇಕು, ಸ್ಪೀಡ್ ಬರೋದೂ ಆ ದಿಕ್ಕಲ್ಲೇ, ಅಲೆ ಎದುರಿಗೆ ಹೊಡೆಯೋದೂ ತಪ್ಪತ್ತೆ. ಮನಸ್ಸು ಬೇಡ ಅನ್ನತ್ತೆ, ಕೈ ಕೇಳಲ್ಲ, ಅಭ್ಯಾಸ ಆಗ್ಬೇಕು.

ಸೈಲ್ ಸೈಜ್ ಬಗ್ಗೆ ಒಂದು ಮಾತು, ಇದು ನಮ್ಮ ಊರಿಗೇ ಸೇರಿದ್ದು. ಹಿನ್ನೀರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರದ ದಡಕ್ಕಿಂತ ನೂರಕ್ಕೆ ಏಳರಷ್ಟು ಕಮ್ಮಿ, ಅಂದ್ರೆ ಗಾಳಿ ಅದೇ 20 ನಾಟ್ ಇದ್ರೂ ಸೈಲ್ ಮೇಲೆ ಬೀಳೋ ಬಲ ನೂರಕ್ಕೆ ಏಳರಷ್ಟು ಕಮ್ಮಿ. ಪುಸ್ತಕದಲ್ಲಿ 4.8 ಅಂತ ಹೇಳಿದ್ರೆ ಇಲ್ಲಿ 5.2 ಸರಿ ಹೋಗತ್ತೆ. ಸಿಹಿನೀರು ಬೇರೆ, ಉಪ್ಪುನೀರಿಗಿಂತ ತೇಲ್ಸೋದು ಕಮ್ಮಿ, 90 ಲೀಟರ್ ಬೋರ್ಡಲ್ಲಿ ಎರಡು ಕೆಜಿ ಮೇಲೆ ವ್ಯತ್ಯಾಸ. ರಾಮೇಶ್ವರಕ್ಕೆ ಇದೇ ಬೋರ್ಡ್ ತಗೊಂಡ್ ಹೋದಾಗ ಎರಡೂ ಗೊತ್ತಾಯ್ತು, ಅಲ್ಲಿ ಬೇಸಿಗೆಯ ದಕ್ಷಿಣ ಗಾಳಿಗೆ 4.5 ಹಾಕಿದ್ರೂ ಕೈ ಕಿತ್ತು ಬರ್ತಿತ್ತು.

ಅಲ್ಲಿಗೆ ಹೋಗೋರು ಬೋರ್ಡಿನ ಮೇಲಿರೋ ಗಾಳಿ ಸ್ಕ್ರೂ ಮರೀಬೇಡಿ. ಒಳಗಡೆ ಇರೋದು ಥರ್ಮೋಕೋಲ್ ಜಾತಿ ಫೋಮು, ಅದ್ರಲ್ಲಿ ಗಾಳಿ ಇರತ್ತೆ. ದಾರೀಲಿ ಸಿಗೋ ದಿಂಬಂ ಘಾಟಿಯ 27 ತಿರುವು ಇಳೀತಾ ಹೊರಗಿನ ಒತ್ತಡ ಏರತ್ತೆ, ವಾಪಸ್ ಹತ್ತೋವಾಗ ಇಳಿಯತ್ತೆ, ಮೇಲಿಂದ ಬಿಸಿಲು ಬೇರೆ, ಸ್ಕ್ರೂ ಬಿಗಿಯಾಗಿದ್ರೆ ಒಳಗಿನ ಗಾಳಿ ಹಿಗ್ಗಿ ಮೇಲಿನ ಪದರಾನೇ ಫೋಮಿಂದ ಬಿಟ್ಕೊಳ್ಳತ್ತೆ. ದಾರೀಲಿ ಸಡಿಲ ಬಿಡಿ, ನೀರಿಗೆ ಇಳಿಯೋ ಮುಂಚೆ ಬಿಗಿ ಮಾಡಿ. ಕೆಲವು ಬೋರ್ಡಲ್ಲಿ ತಾನೇ ಉಸಿರಾಡೋ ವೆಂಟ್ ಬರತ್ತೆ, ಅದಿದ್ರೆ ಈ ತಲೆನೋವಿಲ್ಲ.

ಬಾಳಿಕೆ ಅಂತ ಬಂದ್ರೆ, ಕಾಲಿಡೋ ಜಾಗದ ಪ್ಯಾಡು ಇನ್ನೂ ಗಟ್ಟಿ, ಕಾಲು ತೂರ್ಸೋ ಸ್ಟ್ರಾಪಿನ ವೆಲ್ಕ್ರೊ ಸತ್ತಿದೆ, ಫಿನ್ ಕೂರೋ ಬಾಕ್ಸಲ್ಲಿ ಒಂಚೂರೂ ಅಲುಗಾಟ ಇಲ್ಲ. ಮೂತಿ ಮಾತ್ರ ಒಂದ್ಸಲ ಒಡೀತು, ಗಾಳಿ ಎತ್ತಿ ಮುಂದಕ್ಕೆ ಎಸೆದಾಗ ಮಾಸ್ಟ್ ಬಂದು ಬಡೀತು, ಈ ತೆಳು ಕಾರ್ಬನ್ ಬೋರ್ಡುಗಳ ಹಣೆಬರಹಾನೇ ಅದು, ಮೂತಿಗೆ ರಬ್ಬರ್ ಗಾರ್ಡ್ ಹಾಕಿದ್ರೆ ಉಳಿಯತ್ತೆ. ರಿಪೇರಿಗೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫೈಬರ್ ಕೆಲಸ ಮಾಡೋರ ಹತ್ರ ಕೊಟ್ಟೆ, ಅವ್ರು ಬೈಕ್ ಫೇರಿಂಗು, ಟ್ಯಾಂಕು ಮಾಡೋರು, ಕೈಗೆ ಮೊದ್ಲು ತಗೊಂಡಿದ್ದೇ ಪಾಲಿಯೆಸ್ಟರ್ ರೆಸಿನ್. "ಅಣ್ಣಾ ಬೇಡ, ಇದಕ್ಕೆ ಎಪಾಕ್ಸಿನೇ ಬೇಕು, ಪಾಲಿಯೆಸ್ಟರ್ ಫೋಮ್ ತಿಂದಾಕತ್ತೆ" ಅಂದೆ, ನಂಬ್ಲಿಲ್ಲ, ಒಂದು ಥರ್ಮೋಕೋಲ್ ಚೂರ್ ಮೇಲೆ ಹನಿ ಹಾಕಿ ತೋರ್ಸಿದ್ ಮೇಲೆ "ಓ ಕರಗೋಯ್ತಲ್ಲ ಮೇಡಂ" ಅಂತ ನಕ್ರು. ಆಮೇಲೆ ಎಪಾಕ್ಸೀಲಿ ಮಾಡ್ಕೊಟ್ಟ ಕೆಲಸ ನೀಟಾಗಿದೆ, ಒಂದು ಹನಿ ನೀರು ಕುಡ್ದಿಲ್ಲ.

ಸೈಲಿನ ಪಾರದರ್ಶಕ ಹಾಳೆ ಬಿಸಿಲಿಗೆ ಹಳದಿಯಾಗಿ ಪಟಪಟ ಸೀಳತ್ತೆ, ಬಳಸ್ದೇ ಇದ್ದಾಗ ಬಿಸಿಲಲ್ಲಿ ಬಿಡ್ಬೇಡಿ. ಮಾಸ್ಟಿನ ಜೋಡಣೇಲಿ ಹಿನ್ನೀರಿನ ಮಣ್ಣು ಸೇರ್ಕೊಂಡ್ರೆ ಬಿಡಿಸಕ್ಕೆ ಇಬ್ರು ಬೇಕು, ಜೋಡಿಸೋ ಮುಂಚೆ ಒಂದು ಚೊಂಬು ನೀರು ಹಾಕಿ ತೊಳೀರಿ. ಮಾಸ್ಟ್ ಬುಡವನ್ನ ಬೋರ್ಡಿಗೆ ಸೇರ್ಸೋ ರಬ್ಬರ್ ಟೆಂಡನ್‌ನ ಪ್ರತಿ ಸೀಸನ್ ಶುರುವಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡ್ರೆ ಎಸೀರಿ, ಅದು ನೀರ್ ಮಧ್ಯೆ ಕಿತ್ತೋದ್ರೆ ಬೋರ್ಡ್ ಒಂದು ಕಡೆ ಸೈಲ್ ಒಂದು ಕಡೆ.

ಫಿನ್ ವಿಷಯಕ್ಕೇ ಇನ್ನೊಂದು. ನಮ್ಮ ಹಿನ್ನೀರಲ್ಲಿ ಸಣ್ಣ ಫಿನ್ನಿಗೆ ಸ್ಪೀಡ್ ಬಿಟ್ಟು ಬೇರೆ ಲಾಭಾನೂ ಇದೆ, ಮೀನಿನ ಬಲೆ. ಬಾಟಲಿ, ಥರ್ಮೋಕೋಲ್ ತುಂಡು ತೇಲ್ತಾ ಇದ್ರೆ ಕೆಳಗೆ ಬಲೆ ಇದೆ ಅಂತ, 24 ನಾಟ್‌ನಲ್ಲಿ ಫಿನ್ ಸಿಕ್ಕಾಕೊಂಡ್ರೆ ನೀವು ಮಾತ್ರ ಮುಂದಕ್ಕೆ ಹೋಗ್ತೀರ, ಬಲೆ ಹರಿದ್ರೆ ಪಾಪ ಅವ್ರ ಹೊಟ್ಟೆಪಾಡು. ತೆಪ್ಪದಲ್ಲಿ ಬರೋರನ್ನ ಮಾತಾಡ್ಸಿ, ಯಾವ ಕಡೆ ಬಲೆ ಬಿಟ್ಟಿದಾರೆ, ಎಲ್ಲಿ ಮರದ ಬೊಡ್ಡೆ ಮುಳುಗಿದೆ ಎಲ್ಲಾ ಹೇಳ್ತಾರೆ. ಒಬ್ರು ಅಜ್ಜ ಬೋರ್ಡ್ ಸುತ್ತ ಎರಡ್ ಸುತ್ತು ಬಂದು "ಏನವ್ವ ಇದು, ಮೀನ್ ಇಡಿಯಕ್ಕಾ?" ಅಂದ್ರು, ಅಲ್ಲಜ್ಜ ಸುಮ್ನೆ ಓಡಾಡಕ್ಕೆ ಅಂದ್ರೆ "ಈ ಗಾಳೀಲಿ ನಾವೇ ತೆಪ್ಪ ಇಳ್ಸಕಿಲ್ಲ ಕಣವ್ವ" ಅಂತ ಬೈದ್ರು, ಆದ್ರೂ ಬೊಡ್ಡೆ ಎಲ್ಲೆಲ್ಲಿದೆ ಅಂತ ಕೈ ತೋರ್ಸಿ ಹೇಳ್ಕೊಟ್ರು. ಡ್ಯಾಂ ಮಟ್ಟ ಪೇಪರಲ್ಲಿ ದಿನಾ ಬರತ್ತೆ, ಹೊರಡೋ ಮುಂಚೆ ಅದನ್ನ ನೋಡಿ, ಪೂರ್ತಿ ಮಟ್ಟ 124.80 ಅಡಿ, 100 ಅಡಿ ಆಸುಪಾಸಲ್ಲಿದ್ರೆ ದಡ ಎಲ್ಲೋ ದೂರ, ಕೆಸರಲ್ಲಿ ಬೋರ್ಡ್ ಹೊತ್ಕೊಂಡು ನಡೀಬೇಕು, ಬೊಡ್ಡೆಗಳೂ ನೀರಿನ್ ಮಟ್ಟಕ್ಕೇ ಇರತ್ತೆ. ಗಾಳಿ ದಡದಿಂದ ನೀರಿನ ಕಡೆ ಬೀಸೋ ಜಾಗದಲ್ಲಿ ಇಳೀಲೇಬೇಡಿ, ಏನಾದ್ರೂ ಮುರಿದ್ರೆ ನಡುನೀರಿಗೇ ತಳ್ಕೊಂಡ್ ಹೋಗತ್ತೆ. ಲೈಫ್ ಜಾಕೆಟ್ಟು, ಹೆಲ್ಮೆಟ್ಟು, ದಡದಲ್ಲಿ ಒಬ್ರು ಇರ್ಲೇಬೇಕು.

ಯಾರಿಗೆ ಸರಿ ಈ ಬೋರ್ಡ್ ಅಂದ್ರೆ, ನೀರಲ್ಲಿ ನಿಂತ್ಕೊಂಡು ಸೈಲ್ ಎಳ್ದು ಎಬ್ಬಿಸೋದು ದಾಟಿ, ಹಾರ್ನೆಸ್ಸು ಸ್ಟ್ರಾಪು ಎರಡೂ ಕಲ್ತಿರೋರಿಗೆ. ಹೊಸಬ್ರಿಗೆ ಬೇಡ, ಅವ್ರಿಗೆ 150 ಲೀಟರ್ ಮೇಲಿನ ಅಗಲ ಬೋರ್ಡೇ ಸರಿ. 75-80 ಕೆಜಿ ಇರೋರು ಇದೇ ಜಾತೀಲಿ 105 ಲೀಟರ್ ನೋಡಿ, ಜೋರು ಗಾಳಿಗೆ 32ರ ಫಿನ್. ಮಾರೋರು ಫಿನ್ ಬದಲಿಸಿ ಕೊಡ್ತೀವಿ ಅಂದ್ರೆ ತಗೊಳ್ಳಿ, ಆದ್ರೆ ಹಳೇದನ್ನ ಬಿಟ್ಕೊಡ್ಬೇಡಿ, ಸೆಪ್ಟೆಂಬರಲ್ಲಿ ಗಾಳಿ ತಗ್ಗಿದ್ಮೇಲೆ ದೊಡ್ಡ ಸೈಲಿಗೆ ಅದೇ ಬೇಕಾಗತ್ತೆ. ತಗೊಳ್ಳೋವಾಗ ಫಿನ್ ಕೂರೋ ಬಾಕ್ಸ್ ಯಾವ ಥರದ್ದು, ಟಟಲ್ಲಾ, ಪವರ್ ಬಾಕ್ಸಾ ಅಂತ ಕೇಳ್ಕೊಳ್ಳಿ, ಒಂದರ ಫಿನ್ ಇನ್ನೊಂದಕ್ಕೆ ಕೂರಲ್ಲ.