ಕೈಯಳತೆಯ ಕತ್ತಿ: ಡಿ ಅಂಡ್ ಡಿ 3.5ರ ಆಯುಧ ನಿಯಮಗಳ ದೀರ್ಘ ಬಳಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಅದರ 3.5 ಆವೃತ್ತಿ ಬಂದದ್ದು 2003ರಲ್ಲಿ. ಆಮೇಲೆ ಹೊಸ ಆವೃತ್ತಿಗಳು ಬಂದಿವೆ. ಆದರೂ ಚಿಕ್ಕಮಗಳೂರಿನ ನಮ್ಮ ಗುಂಪು ಮಳೆಗಾಲವಿಡೀ ನಡೆಯುವ ದೊಡ್ಡ ಕಥೆಗಳಿಗೆ ಈಗಲೂ ಇದೇ ಪುಸ್ತಕವನ್ನು ತೆರೆಯುತ್ತದೆ. ಅದಕ್ಕೆ ಮುಖ್ಯ ಕಾರಣ ಆಯುಧದ ಗಾತ್ರದ ನಿಯಮ.

ಈ ಆವೃತ್ತಿಯಲ್ಲಿ ಪ್ರತಿ ಆಯುಧವೂ ಒಂದು ಮೈಕಟ್ಟಿಗಾಗಿ ತಯಾರಾದದ್ದು. ಮೂರಡಿ ಎತ್ತರದ ಪುಟ್ಟ ಜನಾಂಗದ ಹಾಫ್ಲಿಂಗ್‌ಗೆ ತನ್ನದೇ ಅಳತೆಯ ಉದ್ದ ಕತ್ತಿ ಇದೆ, ಮನುಷ್ಯನಿಗೆ ಅವನದು, ದೈತ್ಯನಂಥ ಓಗರ್‌ಗೆ ಅದರದು. ಬೇರೆ ಅಳತೆಯದನ್ನು ಎತ್ತಿಕೊಂಡರೆ, ಗಾತ್ರದ ಪ್ರತಿ ಮೆಟ್ಟಿಲಿಗೂ ದಾಳಿಯ ದಾಳದಲ್ಲಿ, ಅಂದರೆ ಏಟು ತಗುಲಿತೇ ಎಂದು ನೋಡಲು ಉರುಳಿಸುವ ಇಪ್ಪತ್ತು ಮುಖದ ದಾಳದಲ್ಲಿ, ಬಂದದ್ದರಿಂದ 2 ಕಳೆಯಬೇಕು. ಕಾಫಿ ತೋಟದಲ್ಲಿ ಮರಗಸಿ ಮಾಡುವವರು ಇನ್ನೊಬ್ಬರ ಕತ್ತಿಯನ್ನು ಸುಲಭವಾಗಿ ಹಿಡಿಯುವುದಿಲ್ಲ. ತೂಕ ಒಂದೇ ಇದ್ದರೂ ಹಿಡಿ ಕೈಗೆ ಕೂರುವುದಿಲ್ಲ. ಈ ನಿಯಮಕ್ಕೂ ಅದು ಗೊತ್ತಿದೆ.

ನಮ್ಮಲ್ಲಿ ಸದಾ ಹಾಫ್ಲಿಂಗ್ ಪಾತ್ರವನ್ನೇ ಆಡುವ ಅಕ್ಕ ಒಬ್ಬರಿದ್ದಾರೆ. ಮನುಷ್ಯನ ಅಳತೆಯ ರಾಕ್ಷಸನಾದ, ಸತ್ತ ಓರ್ಕ್ ನಾಯಕನ ಉದ್ದ ಕತ್ತಿ ತನಗೇ ಬೇಕೆಂದು ಅವರು ಹಟ ಹಿಡಿದಾಗ ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ಆ ಕತ್ತಿ ಹಾಫ್ಲಿಂಗ್ ಕೈಯಲ್ಲಿ ಎರಡು ಕೈಯ ಆಯುಧವಾಗುತ್ತದೆ, ತೂಕ 4 ಪೌಂಡ್, ಏಟಿನ ಬಲ ಅಳೆಯಲು ಎಂಟು ಮುಖದ ದಾಳ, ದಾಳಿಗೆ 2 ಕಡಿತ. ಹಾಫ್ಲಿಂಗ್ ಅಳತೆಯ ಮಹಾಖಡ್ಗವೂ ಎರಡು ಕೈಯದೇ, ಅದರ ತೂಕವೂ 4 ಪೌಂಡೇ. ಆದರೆ ಏಟಿನ ಬಲಕ್ಕೆ ಹತ್ತು ಮುಖದ ದಾಳ, ಕಡಿತ ಇಲ್ಲವೇ ಇಲ್ಲ. ಇಪ್ಪತ್ತು ಮುಖದ ದಾಳದಲ್ಲಿ 2 ಎಂದರೆ ನೂರಕ್ಕೆ ಹತ್ತು ಅವಕಾಶ ಕೈಬಿಟ್ಟಂತೆ. ಅಕ್ಕ ಓರ್ಕ್‌ನ ಕತ್ತಿಯನ್ನು ಮಾರಿ, 50 ಚಿನ್ನದ ನಾಣ್ಯಕ್ಕೆ ತಮ್ಮ ಅಳತೆಯ ಮಹಾಖಡ್ಗ ಕೊಳ್ಳಲು ಹಣ ಕೂಡಿಡತೊಡಗಿದರು. ಕಮ್ಮಾರನನ್ನು ಹುಡುಕುವುದೇ ಮುಂದಿನ ಕಥೆಯಾಯಿತು. ಒಂದು ಕೋಷ್ಟಕದಿಂದ ಇಂಥ ಕಥೆ ಹುಟ್ಟುವುದು ನನಗೆ ಬಹಳ ಇಷ್ಟ.

ತೊಡಕುಗಳೂ ಇವೆ. ಪ್ರತಿ ಆಯುಧದ ಮುಂದೆ ಅಳತೆ ಬರೆದಿಟ್ಟುಕೊಳ್ಳಬೇಕು. ದೈತ್ಯರನ್ನು ಗೆದ್ದ ಮೇಲೆ ಸಿಗುವ ಆಯುಧಗಳಲ್ಲಿ ಹೆಚ್ಚಿನವು ಯಾರ ಕೈಗೂ ಆಗುವುದಿಲ್ಲ. ಕಷ್ಟಪಟ್ಟು ಗೆದ್ದವರಿಗೆ ಬೇಸರವಾಗುತ್ತದೆ, ಅದು ನ್ಯಾಯವಾದ ಬೇಸರ. ಹೊಸಬರಂತೂ ಕೋಷ್ಟಕ ನೋಡಿಯೇ ಸುಸ್ತಾಗುತ್ತಾರೆ.

ಅವರಿಗೆ ಐದನೇ ಆವೃತ್ತಿ ಹಗುರ. 2014ರ ನಿಯಮದಲ್ಲಿ ಪುಟ್ಟ ಮೈಯವರು ಭಾರೀ ಆಯುಧ ಹಿಡಿದರೆ ಎರಡು ದಾಳ ಉರುಳಿಸಿ ಕಡಿಮೆ ಬಂದದ್ದನ್ನು ತೆಗೆದುಕೊಳ್ಳಬೇಕು, ಅಷ್ಟೇ. ಆದರೆ ಉದ್ದ ಬಿಲ್ಲೂ ಭಾರೀ ಆಯುಧಗಳ ಪಟ್ಟಿಯಲ್ಲಿರುವುದರಿಂದ ಹಾಫ್ಲಿಂಗ್ ಬಿಲ್ಲುಗಾರರಿಗೆ ಅದು ಕೈತಪ್ಪುತ್ತದೆ. 2024ರಲ್ಲಿ ಗಾತ್ರದ ಮಾತನ್ನೇ ಕೈಬಿಟ್ಟರು: ಪಾತ್ರದ ಅಂಕಗಳಲ್ಲಿ ಭಾರೀ ಕತ್ತಿಗೆ ಬಲ 13, ಭಾರೀ ಬಿಲ್ಲಿಗೆ ಚುರುಕು 13 ಇದ್ದರೆ ಸಾಕು. ಇದು ಎಲ್ಲರಿಗೂ ಸಮಾನ, ಒಪ್ಪುತ್ತೇನೆ. ಆದರೆ ಮೂರಡಿಯವನ ಕೈಗೂ ಆರಡಿಯವನ ಕೈಗೂ ಒಂದೇ ಕತ್ತಿ ಕೊಟ್ಟಾಗ, ಆ ಪಾತ್ರ ಪುಟ್ಟದೆಂಬುದು ಹೋರಾಟದ ನಡುವೆ ಮರೆತುಹೋಗುತ್ತದೆ.

ಒಂದೆರಡು ಸಂಜೆಯ ಆಟಕ್ಕೆ ಹೊಸದೇ ಸಾಕು. ತಿಂಗಳುಗಟ್ಟಲೆ ಒಂದೇ ಪಾತ್ರದೊಂದಿಗೆ ಇರುವವರು 3.5 ಪ್ರಯತ್ನಿಸಿ. ಇದರ ಮೂಲ ನಿಯಮಗಳು ಮುಕ್ತ ಪರವಾನಗಿಯಡಿ ಉಚಿತವಾಗಿ ಸಿಗುತ್ತವೆ. ಆಯುಧಗಳ ಕೋಷ್ಟಕವನ್ನು ಮಾತ್ರ ಮುದ್ರಿಸಿಟ್ಟುಕೊಳ್ಳಿ. ನಮ್ಮ ಕಡೆ ಮಳೆ ಜೋರಾದರೆ ಕರೆಂಟು ನಂಬುವಂತಿಲ್ಲ.