ಗ್ರಾಮ ಪಂಚಾಯಿತಿ ಗ್ರಂಥಾಲಯ: ಬಡ ಮಕ್ಕಳ ಓದಿಗೊಂದು ಆಸರೆ

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತದೆ. ಪಠ್ಯಪುಸ್ತಕದ ಹೊರತು ಬೇರೊಂದು ಪುಸ್ತಕವನ್ನು ಮನೆಯಲ್ಲಿ ಕಾಣದ ಕೂಲಿಕಾರರ ಮಕ್ಕಳಿಗೆ, ಟ್ಯೂಷನ್ನಿಗೆ ಹೋಗುವ ಸಹಪಾಠಿಗಳೊಂದಿಗಿನ ಅಂತರವನ್ನು ಕೊಂಚವಾದರೂ ತಗ್ಗಿಸಿಕೊಳ್ಳಲು ಇಷ್ಟು ಹತ್ತಿರದಲ್ಲಿ ಸಿಗುವ ಸೌಲಭ್ಯ ಅಪರೂಪವೆಂದೇ ನನ್ನ ಅಭಿಪ್ರಾಯ. ನಾನು ಹೋಗಿಬರುವ ಗ್ರಂಥಾಲಯದಲ್ಲಿ ಚಿತ್ರಕಥೆಗಳು, ವಿಜ್ಞಾನದ ಕಿರುಹೊತ್ತಗೆಗಳು, ಕೇರಂ ಬೋರ್ಡು ಎಲ್ಲವೂ ಇವೆ. ಮೇಲ್ವಿಚಾರಕಿ ಚಿಕ್ಕವರನ್ನು ಸುತ್ತ ಕೂರಿಸಿಕೊಂಡು ಕಥೆ ಓದಿ ಹೇಳುತ್ತಾರೆ, ಅದನ್ನು ಕೇಳಲೆಂದೇ ಬರುವ ಮಕ್ಕಳಿದ್ದಾರೆ. ಆದರೆ ಸಂಜೆ ಬೇಗನೆ ಬಾಗಿಲು ಹಾಕುವುದರಿಂದ, ಶಾಲೆ ಮುಗಿಸಿ, ನೀರು ತಂದು, ದನ ಕಟ್ಟಿ ಬರುವ ಹೆಣ್ಣುಮಕ್ಕಳು ಬೀಗ ನೋಡಿ ಮರಳುತ್ತಾರೆ. ಇನ್ನೊಂದು ಗಂಟೆ ತೆರೆದಿಟ್ಟರೆ ಅವರಿಗೂ ಪುಸ್ತಕ ಸಿಗುತ್ತದೆ.